ನುಣುಪು

ಫೋಟೊ ತೆಗೆಯುವವಳು ಫೋಟೊದಲ್ಲಿ ಇರುವುದಿಲ್ಲ ಎಂಬ ಸರಳ ಸಂಗತಿ ಹುಲ್ಕರಳಿಗೆ ಹೊಳೆದದ್ದು ಪಲಾವಿಗೆ ಕ್ಯಾರೆಟ್ ಹೆಚ್ಚುತ್ತಿರುವಾಗ. ಚಾಕು ಹಲಗೆಯ ಮೇಲೆ ಹಾಗೇ ನಿಂತಿತು. ನಿನ್ನೆ ಸಂಜೆ ಗಂಡನ ಅಕ್ಕ ಮುಕರ್ರಂ ಬಂದು, ಚಪ್ಪಲಿ ಬಿಡುವ ಮೊದಲೇ, “ನಾಳೆ ಫೋಟೊ ಎಲ್ಲಾ ನೀನೇ ತೆಗೀಬೇಕು ಹುಲ್ಕರ್, ನಿನ್ನ ಕೈ ನಡುಗಲ್ಲ, ಬೇರೆಯವರಿಗೆ ಕೊಟ್ರೆ ಎಲ್ಲರ ತಲೆ ಕತ್ತರಿಸಿಬಿಡ್ತಾರೆ” ಅಂದಾಗ ಎಂಥ ಹೆಮ್ಮೆಯಾಗಿತ್ತು. ಐವತ್ತು ದಾಟಿದ ಮೇಲಾದರೂ ಈ ಮನೆಯವರು ತನ್ನ ಕೈಗೊಂದು ಜವಾಬ್ದಾರಿ ಕೊಟ್ಟರಲ್ಲ, ಅದೂ ಮಗಳು ಶಹ್ಲೊಳ ರೊಟ್ಟಿ ಮುರಿಯುವ ದಿನ. ಅವರ ಊರಾದ ಮಾರ್ಗಿಲಾನಿನಲ್ಲಿ ಹುಡುಗನ ಕಡೆಯ ಹೆಂಗಸರು ಬಂದು ಕೂತು ರೊಟ್ಟಿ ಮುರಿದರೆಂದರೆ ಮಾತು ಮುಗಿಯಿತು, ಹುಡುಗಿ ಅವರವಳು; ಮುರಿಯದೆ ಎದ್ದರೆ ಬೀದಿಗೆಲ್ಲ ಬಾಯಿ ಬರುತ್ತದೆ. ಅಂಥ ದಿನದ ಫೋಟೊ. ಈಗ ಆ ಹೆಮ್ಮೆ, ಹುಳಿ ಬಿದ್ದ ಹಾಲಿನ ಹಾಗೆ, ಹಳದಿ ಕ್ಯಾರೆಟ್ಟಿನ ಕಡ್ಡಿಗಳ ನಡುವೆ ಒಡೆದುಹೋಯಿತು. ಕೈ ನಡುಗುವುದಿಲ್ಲ ಎಂದಲ್ಲ ಇವಳನ್ನು ಆರಿಸಿದ್ದು. ಮುಖ ಬರಬಾರದು ಎಂದು. ಎಷ್ಟು ನಾಜೂಕಾಗಿ, ಸನ್ಮಾನ ಮಾಡಿದ ಹಾಗೆ, ಶಾಲು ಹೊದೆಸಿದ ಹಾಗೆ ಬಾಗಿಲಾಚೆ ನಿಲ್ಲಿಸಿದ್ದರು! ಮತ್ತು ಅವಳು ಥ್ಯಾಂಕ್ಸ್ ಹೇಳಿದ್ದಳು. ಅದೇ ಹೆಚ್ಚು ಉರಿಯಿತು. ಥ್ಯಾಂಕ್ಸ್ ಹೇಳಿ, ಮುಕರ್ರಮಳ ಎದುರಿಗೆ ಚೆರ್ರಿ ಮುರಬ್ಬದ ಬಟ್ಟಲನ್ನು ಬೇರೆ ಸರಿಸಿದ್ದಳು.

ತೊನ್ನು ಶುರುವಾದದ್ದು ಬಾಯಿಯ ಎಡತುದಿಯಲ್ಲಿ, ಬೇಳೆಕಾಳಿನಷ್ಟು. ಮೊಸರು ಅಂಟಿರಬೇಕೆಂದು ತಲೆವಸ್ತ್ರದ ಅಂಚಿನಲ್ಲಿ ಒರೆಸಿಕೊಂಡಿದ್ದಳು. ಮಾರನೆಯ ದಿನವೂ ಒರೆಸಿಕೊಂಡಿದ್ದಳು. ಈಗ ಅದು ಬಾಯಿಯ ಸುತ್ತ, ಎರಡು ಕಣ್ಣಿನ ಸುತ್ತ, ಬೆರಳ ಗೆಣ್ಣುಗಳ ಮೇಲೆ ಹರಡಿ ಹತ್ತು ವರ್ಷದ ಮೇಲಾಯಿತು. ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಅವಳನ್ನು ಮಕ್ಕಳು ಬೆನ್ನ ಹಿಂದೆ ‘ಭೂಪಟ’ ಎನ್ನುತ್ತಾರೆ. ಮಕ್ಕಳ ಮೇಲೆ ಸಿಟ್ಟಿಲ್ಲ. ಅವರು ನೇರ ನೋಡುತ್ತಾರೆ, ಬಾಯಿ ತೆರೆದು ನೋಡುತ್ತಾರೆ, ಆಮೇಲೆ ಮರೆತು ಗಂಗಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳುತ್ತಾರೆ. ದೊಡ್ಡವರು ನೋಡಿದ ತಕ್ಷಣ ನೋಡಲಿಲ್ಲವೆಂಬಂತೆ ಅವಳ ಕಿವಿಯನ್ನೋ ಹಿಂದಿನ ಗೋಡೆಯನ್ನೋ ಮಾತಾಡಿಸುತ್ತಾರೆ. ಶಿಕ್ಷಕರ ದಿನ ಎಲ್ಲರೂ ಮೆಟ್ಟಿಲ ಮೇಲೆ ನಿಂತಾಗ ಉಪಮುಖ್ಯೋಪಾಧ್ಯಾಯಿನಿ, “ಹುಲ್ಕರ್ ಮೇಡಂ, ನೀವು ಎತ್ತರ, ಹಿಂದಿನ ಸಾಲಿಗೆ ಬನ್ನಿ” ಎಂದಿದ್ದಳು; ಮುಂದೆ ನಿಂತಿದ್ದ ಗಣಿತದ ಮೇಡಂ ಇವಳಿಗಿಂತ ಒಂದು ಗೇಣು ಎತ್ತರ. ಸಂತೆಯಲ್ಲಿ ರೊಟ್ಟಿ ಮಾರುವ ಹೆಂಗಸು ಬೇರೆಯವರಿಗೆ ಕೈಗೆ ಕೊಡುತ್ತಾಳೆ, ಇವಳಿಗೆ ಬಟ್ಟೆಯ ಮೇಲಿಟ್ಟು ಬಟ್ಟೆಯನ್ನು ಈಚೆ ಸರಿಸುತ್ತಾಳೆ. ಗಂಡ ಸೋಬಿರ್ ಒಳ್ಳೆಯವನು. ಇಷ್ಟು ವರ್ಷದಲ್ಲಿ ಒಂದು ಮಾತು ಆಡಿದವನಲ್ಲ. ಒಂದು ದಿನ ನಡುಮನೆಯ ದೊಡ್ಡ ಕನ್ನಡಿಯನ್ನು, ಚೌಕಟ್ಟಿಗೆ ಗೆದ್ದಲು ಹಿಡಿದಿದೆ ಎಂದು, ಎತ್ತಿ ಕೊಟ್ಟಿಗೆಗೆ ಹಾಕಿದ. ಆಗ ಅವಳ ಕಣ್ಣು ತುಂಬಿ ಬಂದಿತ್ತು, ಎಂಥ ಮೃದು ಮನಸ್ಸು ಎಂದು. ಈಗ ಕ್ಯಾರೆಟ್ ಹೆಚ್ಚುತ್ತ ಯೋಚಿಸಿದರೆ, ಆ ಚೌಕಟ್ಟಿಗೆ ಗೆದ್ದಲು ಇರಲಿಲ್ಲ. ಒಂದು ಮಾತು, ಒಂದೇ ಒಂದು, “ಏನೇ ಇದು ಹರಡ್ತಾ ಇದೆಯಲ್ಲ, ನಿಂಗೇನನ್ಸತ್ತೆ” ಅನ್ನುವಷ್ಟು, ಆಡಬಹುದಿತ್ತಲ್ಲ? ಇವತ್ತೂ ಬೆಳಿಗ್ಗೆ, ಹೆಂಗಸರ ಕೂಟದಲ್ಲಿ ನನಗೇನು ಕೆಲಸ ಎಂದು, ಹೊಸ ಟೋಪಿ ಹಾಕಿಕೊಂಡು ಹೊರಟುಹೋಗಿದ್ದ.

ನಿನ್ನೆ ದ್ರಾಕ್ಷಿ ಚಪ್ಪರದ ಕೆಳಗೆ ಹಲಗೆಮಂಚದ ಮೇಲೆ ಕೂತು ಶಹ್ಲೊ ತನ್ನ ಫೋನಿನಲ್ಲಿ ಪಾಠ ಹೇಳಿಕೊಟ್ಟಿದ್ದಳು. ಮಗಳು ಟೀಚರು, ತಾಯಿ ವಿದ್ಯಾರ್ಥಿನಿ. ಇಬ್ಬರೂ ನಕ್ಕಿದ್ದರು ಕೂಡ. “ಮೊದಲು ಲೆನ್ಸ್ ಒರೆಸು ಅಮ್ಮಾ. ಎಣ್ಣೆ ಕೈಯಲ್ಲಿ ಮುಟ್ಟಿರ್ತೀಯ, ಎಲ್ಲಾ ಮಸುಕು ಮಸುಕಾಗಿ ಬಂದ್ರೆ ಫೋನನ್ನ ಬೈತೀಯ.” ತೆರೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೀಟು ಮೂಡುವಂತೆ ಮಾಡಿ, “ಈ ಗೀಟು ನೇರ ಇದ್ರೆ ಮನೆ ವಾಲಲ್ಲ. ಜನರನ್ನ ಮಧ್ಯ ಗೋಡೆಗೆ ಮೊಳೆ ಹೊಡೆದ ಹಾಗೆ ಇಡಬೇಡ, ಗೀಟು ಸೇರೋ ಕಡೆ ಇಡು” ಅಂದಳು. ಅಕ್ಷಾಂಶ ರೇಖಾಂಶಗಳೇ ಬಂದ ಹಾಗಾಯಿತು ಹುಲ್ಕರಳಿಗೆ. “ಈಗ ಯಾರ ಮುಖ ಮುಖ್ಯವೋ ಅವರ ಮುಖದ ಮೇಲೆ ಬೆರಳು ಒತ್ತಿ ಹಿಡ್ಕೊ. ಹಳದಿ ಚೌಕ ಬಂತಾ? ಪಕ್ಕದಲ್ಲಿ ಸೂರ್ಯ ಬಂತಾ? ಸೂರ್ಯನ್ನ ಕೆಳಗೆ ಜಾರಿಸಿದ್ರೆ ಬೆಳಕು ಇಳಿಯತ್ತೆ. ಬಿಳೀದು ಏನಾದ್ರೂ ಇದ್ರೆ ಇಳಿಸ್ಲೇಬೇಕು, ಇಲ್ಲಾಂದ್ರೆ ಬಿಳೀದೆಲ್ಲಾ ಸುಟ್ಟುಹೋಗಿ ಬರೀ ತೂತಿನ ಥರ ಕಾಣತ್ತೆ.” ಬಿಳೀದು ಎಂದಾಗ ಮಗಳ ನಾಲಗೆ ಒಂದು ಕ್ಷಣ ತಡೆದದ್ದು ಹುಲ್ಕರಳಿಗೆ ಗೊತ್ತಾಗಿತ್ತು. ಸೂರ್ಯನನ್ನು ಒಂದು ಬೆರಳಲ್ಲಿ ಇಳಿಸಿದಾಗ ಅಂಗಳ ಸಂಜೆಯಾಗಿ, ಏರಿಸಿದಾಗ ಮಧ್ಯಾಹ್ನವಾಗಿ, ಅವಳು ಹುಡುಗಿಯ ಹಾಗೆ ಮತ್ತೆ ಮತ್ತೆ ಮಾಡಿದ್ದಳು. “ದೂರದಿಂದ ಎಳೀಬೇಡ, ಕಾಳು ಕಾಳಾಗತ್ತೆ. ನೀನೇ ಹತ್ತಿರ ಹೋಗು.” ಕೊನೆಗೆ ಮೂಲೆಯಲ್ಲಿದ್ದ ಸಣ್ಣ ಮುಖದ ಗುರುತು ತೋರಿಸಿ, “ಇದನ್ನ ಮಾತ್ರ ಮುಟ್ಟಬೇಡ.”

“ಏನದು?”

“ಏನಿಲ್ಲ. ಇರೋ ಹಾಗೇ ಇರ್ಲಿ.”

ಹುಲ್ಕರ್ ಕೈ ತೊಳೆದು ಒರೆಸಿಕೊಂಡು, ಕಿಟಕಿಯ ಹತ್ತಿರ ಚಾರ್ಜಿಗಿಟ್ಟಿದ್ದ ಮಗಳ ಫೋನು ತೆಗೆದುಕೊಂಡು, ಆ ಸಣ್ಣ ಮುಖವನ್ನೇ ಮುಟ್ಟಿದಳು. ಸಾಲಾಗಿ ಹೆಸರುಗಳು ಬಂದವು: ನುಣುಪು, ಬಣ್ಣ, ಗಲ್ಲ, ಕಣ್ಣು. ಪ್ರತಿಯೊಂದರ ಗುಂಡಿಯೂ ತುತ್ತತುದಿಗೆ ಹೋಗಿ ಕೂತಿತ್ತು. ಕ್ಯಾಮರಾವನ್ನು ತನ್ನ ಕಡೆ ತಿರುಗಿಸಿದಳು. ಅಲ್ಲೊಬ್ಬಳು ಇದ್ದಳು. ಇವಳದೇ ಕಿವಿಯೋಲೆ, ಇವಳದೇ ತಲೆವಸ್ತ್ರ. ಮುಖ ಮಾತ್ರ ಜರ್ದಾಳು ಹಣ್ಣಿನ ಹಾಗೆ ಒಂದೇ ಸಮ, ಒಂದೇ ಬಣ್ಣ, ಬಾಯಿ ಆಡಿಸಿದರೆ ಅದೂ ಆಡಿಸಿತು. ಒಂದು ಗಳಿಗೆ, ನಾಚಿಕೆಗೇಡಿನ ಒಂದು ಗಳಿಗೆ, ಅವಳಿಗೆ ಆ ಹೆಂಗಸು ಇಷ್ಟವಾದಳು. ಗುಂಡಿಗಳನ್ನು ಹಿಂದಕ್ಕೆ ಎಳೆಯುತ್ತ ಹೋದಳು. ಬಾಯಿಯ ತುದಿ ಬೆಳ್ಳಗಾಯಿತು, ಕಣ್ಣಿನ ಸುತ್ತ ಬೆಳ್ಳಗಾಯಿತು, ತನ್ನ ಮುಖ ತನ್ನ ಊರಿಗೆ ಬಸ್ಸಿಳಿದು ನಡೆದುಬಂದ ಹಾಗೆ ಒಂದೊಂದಾಗಿ ವಾಪಸ್ಸು ಬಂತು. ಆಮೇಲೆ ಹಳೆಯ ಫೋಟೊಗಳನ್ನು ತೆಗೆದಳು. ವಸಂತದ ಹಬ್ಬದಂದು ತೆಗೆದದ್ದು, ಹುಡುಗನ ಮನೆಗೆ ಕಳಿಸಿದ್ದು: ಸೋಬಿರ್, ಶಹ್ಲೊ, ನಡುವೆ ಆ ಜರ್ದಾಳು ಮುಖದವಳು. ಹಾಗಾದರೆ ಇವತ್ತು ಬರುವವರು ನೋಡಿರುವುದು ಅವಳನ್ನು. ಅವರು ಮೊದಲ ಸಲ ಹುಡುಗಿ ನೋಡಲು ಬಂದದ್ದು ಮುಕರ್ರಮಳ ಮನೆಗೆ, “ಅಲ್ಲಿ ಜಾಗ ದೊಡ್ಡದು” ಎಂದು. ಇವಳಿಗೆ ಅವತ್ತು ಶಾಲೆಯಲ್ಲಿ ಪರೀಕ್ಷೆ ಇತ್ತು, “ನೀನು ರಜಾ ಹಾಕಿ ತೊಂದರೆ ತಗೋಬೇಡ” ಎಂದಿದ್ದರು. ಆ ದಿನವನ್ನೂ ಲೆಕ್ಕ ಹಾಕಿಯೇ ಆರಿಸಿದ್ದರೇ? ಒಂದು ಎಳೆ ಎಳೆದರೆ ಇಡೀ ಬಟ್ಟೆಯೇ ಬಿಚ್ಚಿಕೊಳ್ಳುತ್ತಿತ್ತು.

ಮಗಳ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಡಿದಳು.

“ಅಲಂಕಾರ ಮಾಡ್ಕೋತಿದೀನಿ ಅಮ್ಮಾ, ಒಳಗೆ ಬರಬೇಡ.”

“ನನ್ನನ್ನ ಅಳಿಸಿ ಕಳಿಸಿದೀಯಲ್ಲೇ ಅವರ ಮನೆಗೆ.”

ಒಳಗೆ ಏನೋ ಡಬ್ಬಿ ಮುಚ್ಚಿದ ಸದ್ದು. “ಫೋನ್ ನೋಡಿದ್ಯಾ? ಮುಟ್ಟಬೇಡ ಅಂದಿದ್ನಲ್ಲ.”

“ಮುಟ್ಟಬೇಡ ಅಂದ್ರೆ? ನನ್ನ ಮುಖ ಅದು!”

“ಅಮ್ಮಾ, ಇವತ್ತು ಬೇಡ.”

“ಇವತ್ತಲ್ಲದೆ ಇನ್ಯಾವತ್ತು? ಮದುವೆ ದಿನ ನನ್ನನ್ನ ಪೆಟ್ಟಿಗೇಲಿ ಹಾಕಿ ಬೀಗ ಹಾಕ್ತೀಯಾ? ಹೆತ್ತು ಹೊತ್ತು ಸಾಕಿದ್ದು ಹೀಗೆ ಒರೆಸಿ ಹಾಕ್ಲಿ ಅಂತಲೇನು?”

“ಎಲ್ಲಾ ನಿನ್ನ ಬಗ್ಗೇನೇ ಅಂತ ಯಾಕೆ ಅಂದ್ಕೋತೀಯಾ ನೀನು?” ಶಹ್ಲೊಳ ಧ್ವನಿ ಕೀರಲಾಯಿತು. “ಹೋಗು, ಪಲಾವ್ ಸೀದುಹೋಗತ್ತೆ.”

ಮುಚ್ಚಿದ ಬಾಗಿಲಿನ ಎದುರು, ಕೈಯಲ್ಲಿ ಫೋನು ಹಿಡಿದು ನಿಂತವಳಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಈ ಹುಡುಗಿಯನ್ನು ಜ್ವರ ಬಂದಾಗ ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದ್ದಳು, ಐದನೇ ಕ್ಲಾಸಿನಲ್ಲಿ “ನಿಮ್ಮಮ್ಮಂಗೆ ಏನಾಗಿದೆ” ಎಂದು ಕೇಳಿದ ಹುಡುಗಿಯ ಜಡೆ ಹಿಡಿದು ಎಳೆದು ಬಂದಿದ್ದಳು ಈ ಶಹ್ಲೊಳೇ, ಮೂಗಿನಲ್ಲಿ ರಕ್ತ ಸುರಿಸಿಕೊಂಡು. ಆ ಶಹ್ಲೊ ಯಾವಾಗ ಹೋದಳು, ಈ ಶಹ್ಲೊ ಯಾವಾಗ ಬಂದಳು? ಪಲಾವ್ ಸೀಯುತ್ತದಂತೆ. ಸೀಯಲಿ.

ಮುಕರ್ರಂ ಬೇಗನೆ ಬಂದಳು, ಎದೆಯ ತುಂಬ ಬಂಗಾರ, ಬಾಯಿ ತುಂಬ ಆಜ್ಞೆ. ಮೇಜಿನ ಮೇಲೆ ಕಲ್ಲುಸಕ್ಕರೆ, ಬಾದಾಮಿ, ಮೊದಲ ಕೊಯ್ಲಿನ ಹಿಪ್ಪುನೇರಳೆ ಹಣ್ಣು, ನಡುವೆ ಕಸೂತಿ ಬಟ್ಟೆಯಲ್ಲಿ ಸುತ್ತಿದ ಎರಡು ದೊಡ್ಡ ರೊಟ್ಟಿ. “ನೀನು ಅಡಿಗೆಮನೆ ಕಡೆ ಇರು. ನಾನು ಕರೀತೀನಿ, ಆಗ ಫೋನ್ ಹಿಡ್ಕೊಂಡೇ ಬಾ. ಫೋನ್ ಮುಖದ ಮುಂದೆ ಇದ್ರೆ ಹೇಗೂ...” ಎಂದವಳು ಮಾತು ನುಂಗಿ, ಬಾದಾಮಿ ಬಟ್ಟಲನ್ನು ಸರಿಯಾಗಿದ್ದ ಜಾಗದಿಂದ ಎತ್ತಿ ಅದೇ ಜಾಗದಲ್ಲಿಟ್ಟಳು.

“ಹೇಗೂ ಏನಕ್ಕಾ?”

“ಏನಿಲ್ಲಪ್ಪಾ. ಒಳ್ಳೇ ದಿನ ಜಗಳ ತೆಗೀಬೇಡ.”

ಅಂಗೈಯಗಲದ ಒಂದು ಫೋನು, ಅದರ ಹಿಂದೆ ಒಂದು ಮುಖ. ಇಷ್ಟು ವಿವರವಾಗಿ, ಇಷ್ಟು ಅಕ್ಕರೆಯಿಂದ ಯೋಚಿಸಿದ್ದರು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಹುಲ್ಕರ್ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆಸೆದು, ಮುಕರ್ರಮಳನ್ನು ದಾಟಿಕೊಂಡು, ತಾನೇ ಗೇಟಿಗೆ ಹೋದಳು. ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು, ಬೀಳಲಿ.

ಹುಡುಗನ ತಾಯಿ ಸಲೋಮತ್, ಅವಳ ತಂಗಿ ಅದೊಲತ್, ಹಿಂದೆ ಮಾತಾಡದ ಇಬ್ಬರು ಮುದುಕಿಯರು. ಪದ್ಧತಿಯಂತೆ ಹುಲ್ಕರ್ ಸಲೋಮತಳ ಭುಜ ಹಿಡಿದು ಕೆನ್ನೆಗೆ ಕೆನ್ನೆ ತಾಗಿಸಲು ಬಾಗಿದಳು. ಆ ಕೆನ್ನೆ ಒಂದು ಕೂದಲಿನಷ್ಟು ದೂರದಲ್ಲಿ ನಿಂತಿತು. ಹತ್ತಿರದಿಂದ ಪೌಡರಿನ ವಾಸನೆ ಬಂತು. ಹೆಂಗಸು ಉಸಿರು ಹಿಡಿದಿದ್ದಳು. ಅದೊಲತ್ ಮುಂದೆ ಬರಲೇ ಇಲ್ಲ.

“ಇವರು...?” ಎಂದಳು ಮುಕರ್ರಮಳ ಕಡೆ ನೋಡಿ.

“ನಾನೇ ಹುಡುಗಿಯ ತಾಯಿ. ಬನ್ನಿ, ಒಳಗೆ ಬನ್ನಿ.”

“ಫೋಟೊದಲ್ಲಿ ಬೇರೆ ಥರ ಕಂಡಿದ್ರಿ.”

“ಫೋಟೊ ಬೇರೆ ಥರ ಇತ್ತು. ನಾನು ಹೀಗೇ ಇದೀನಿ.”

ಎಲ್ಲರೂ ಕೂತರು. ಹುಲ್ಕರ್ ತನ್ನ ಕೈಯಾರೆ ಟೀ ಬಗ್ಗಿಸಿ, ಬಲಗೈ ಎದೆಯ ಮೇಲಿಟ್ಟು, ಒಬ್ಬೊಬ್ಬರಿಗೂ ಬಟ್ಟಲು ನೀಡಿದಳು. ಮುದುಕಿಯರು ಕುಡಿದರು. ಸಲೋಮತ್ ಬಟ್ಟಲನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದಳು. ಮುಕರ್ರಂ ಒಂದೇ ಸಮನೆ ನಗುತ್ತ ಹಿಪ್ಪುನೇರಳೆಯ ವಿಷಯ, ಈ ಸಲದ ಸೆಖೆಯ ವಿಷಯ ಮಾತಾಡಿದಳು. ಅದೊಲತ್ ಮಾತ್ರ ನೇರ ಕೇಳಿದಳು: “ಇದು... ನಿಮ್ಮ ಮನೆತನದಲ್ಲಿ ಇದ್ಯಾ?”

“ಇಲ್ಲ. ನಮ್ಮ ತಾಯಿಗೆ ಇರ್ಲಿಲ್ಲ, ಅಜ್ಜಿಗೂ ಇರ್ಲಿಲ್ಲ. ಅಂಟುಜಾಡ್ಯ ಅಲ್ಲ. ಟೀ ಆರ್ತಾ ಇದೆ, ತಗೊಳ್ಳಿ.”

“ಔಷಧಿ ನಡೀತಾ ಇದೆ,” ಎಂದು ಮುಕರ್ರಂ ನಡುವೆ ಬಾಯಿ ಹಾಕಿದಳು. “ತಾಷ್ಕೆಂಟಿನ ಡಾಕ್ಟರು. ಎಷ್ಟೋ ಕಮ್ಮಿಯಾಗಿದೆ ಈಗ.”

“ಯಾವ ಡಾಕ್ಟರಕ್ಕಾ? ನಾನು ಯಾವ ಔಷಧೀನೂ ತಗೋತಿಲ್ಲ. ಕಮ್ಮೀನೂ ಆಗಿಲ್ಲ.”

ಮುಕರ್ರಂ ಮೇಜಿನ ಕೆಳಗೆ ಇವಳ ತೊಡೆ ಚಿವುಟಿದಳು. ಅಷ್ಟರಲ್ಲಿ ಶಹ್ಲೊ ಬಂದು ಬಾಗಿಲಲ್ಲಿ ನಿಂತು ಮೂರು ಸಲ ಬಾಗಿ ನಮಸ್ಕರಿಸಿದಳು. ಹಸಿರು ರೇಷ್ಮೆ, ಗಲ್ಲದ ಕೆಳಗಿನವರೆಗೂ ಸುತ್ತಿದ ತೆಳು ವಸ್ತ್ರ, ಮುಖ ಬೊಂಬೆಯ ಹಾಗೆ. ಸಲೋಮತಳ ಭುಜ ಸಡಿಲಾಯಿತು. ಕೆಟ್ಟ ಹೆಂಗಸೇನಲ್ಲ, ಬಹಳ ಹೊತ್ತು ಹುಡುಗಿಯನ್ನು ನೋಡಿ, ಆಮೇಲೆ, ನುಂಗಲಾರದ್ದನ್ನು ನುಂಗಿದವಳ ಹಾಗೆ, ಬಟ್ಟಲೆತ್ತಿ ಆರಿದ ಟೀ ಕುಡಿದಳು. “ಅಸ್ರೋರ್ ಇವಳನ್ನೇ ಅಂತ ಹಟ ಹಿಡಿದು ಕೂತಿದಾನೆ. ತಾಯಿ ಏನ್ ಮಾಡೋಕಾಗತ್ತೆ, ಅಲ್ವಾ ಬೀಗಿತ್ತಿಯವರೇ? ಫೋಟೊ ತೆಗೀರಿ, ಆಮೇಲೆ ರೊಟ್ಟಿ ಮುರಿಯೋಣ.” ಬೀಗಿತ್ತಿ! ಹುಲ್ಕರಳ ಕಿವಿಯಲ್ಲಿ ಆ ಪದ ಗಂಟೆಯ ಹಾಗೆ ಮೊಳಗಿತು. ಗೆದ್ದೆ, ಎಂದುಕೊಂಡಳು. ಯಾರ ಹಿಂದೆಯೂ ಅಡಗದೆ, ಏನನ್ನೂ ಒರೆಸಿಕೊಳ್ಳದೆ. ನೋಡಿಕೊಳ್ಳಿ ಮುಕರ್ರಂ ಅಕ್ಕ, ನೋಡಿಕೋ ಶಹ್ಲೊ, ನೋಡಿಕೊಳ್ಳಿ ಕನ್ನಡಿ ಎತ್ತಿಟ್ಟ ಯಜಮಾನರೇ.

ಫೋನು ಎತ್ತಿದಳು. ಲೆನ್ಸು ಒರೆಸಿದಳು. ಮತ್ತು, ಯಾರಿಗೂ ಹೇಳದೆ, ಬೆಳಿಗ್ಗೆ ಹಿಂದಕ್ಕೆ ಎಳೆದಿದ್ದ ಗುಂಡಿಗಳು ಸೊನ್ನೆಯಲ್ಲೇ ಇವೆಯೇ ಎಂದು ಇನ್ನೊಮ್ಮೆ ನೋಡಿಕೊಂಡಳು. ಗೀಟುಗಳ ಒಳಗೆ ಅವರೆಲ್ಲರೂ, ನಡುವೆ ಶಹ್ಲೊ, ಬಂದು ಕೂತರು. ಬಿಳಿಯ ಮೇಜುಬಟ್ಟೆ ಉರಿಯುತ್ತಿತ್ತು. ಸೂರ್ಯನನ್ನು ಇಳಿಸಿದಳು, ಕಸೂತಿಯ ಒಂದೊಂದು ಎಳೆಯೂ ಮೇಲೆದ್ದು ಬಂತು, ಜತೆಗೆ ಮುಖಗಳೂ. ಸಲೋಮತಳ ಕಣ್ಣಿನ ಕೆಳಗಿನ ಚೀಲಗಳು, ಗದ್ದದ ಮೇಲೆ ಕಿತ್ತರೂ ಮತ್ತೆ ಬಂದ ಎರಡು ಕೂದಲು, ಅದೊಲತಳ ಮೂಗಿನ ಪಕ್ಕದ ಕುಳಿ, ಮುಕರ್ರಮಳ ಮೇಲ್ದುಟಿಯ ಸಣ್ಣ ಸಣ್ಣ ಗೆರೆಗಳು, ಮುದುಕಿಯರ ಮುಖದಲ್ಲಿ ಉತ್ತ ಹೊಲ. ಇಷ್ಟು ಹೊತ್ತು ಇವರ ದೃಷ್ಟಿ ತನ್ನ ಮೇಲೆ ಓಡಾಡಿದ್ದರ ಸೇಡು ತೀರಿಸಿಕೊಳ್ಳಬೇಕೆಂದೇ ಅವಳು ಒಂದೊಂದನ್ನೂ ನೋಡಿದಳು. ನೋಡುತ್ತ ನೋಡುತ್ತ ಸೇಡಿನ ಜಾಗದಲ್ಲಿ ಏನೋ ಬೇರೆಯೇ ಬಂದು, ಎಷ್ಟು ದಣಿದಿದ್ದಾರೆ ಇವರೆಲ್ಲ, ಎನ್ನಿಸಿತು. ಒತ್ತಿದಳು.

“ಹುಡುಗೀದೊಂದು ಹತ್ತಿರದಿಂದ ತೆಗೀರಿ,” ಎಂದಳು ಸಲೋಮತ್. “ಅಸ್ರೋರ್‌ಗೆ ಕಳಿಸ್ಬೇಕು, ಫ್ಯಾಕ್ಟರಿಯಲ್ಲಿ ಕೂತು ಚಡಪಡಿಸ್ತಾ ಇರ್ತಾನೆ.”

ಹುಲ್ಕರ್ ಹತ್ತಿರ ಹೋದಳು. ಶಹ್ಲೊ ತುಟಿ ಅಲುಗಿಸದೆ, “ಅಮ್ಮಾ, ಅದನ್ನ ಹಾಕಿದೀಯಾ?” ಎಂದಳು.

“ಇಲ್ಲ.”

ಹುಡುಗಿಯ ಕಣ್ಣು ಒಮ್ಮೆ ಇವಳ ಮುಖಕ್ಕೆ ಬಂದು ಹೋಯಿತು. ಈಗಲೂ ತಾಯಿಯ ಬಗ್ಗೆ ನಾಚಿಕೆಯೇ? ಇಲ್ಲಿ ತಾಯಿಯೇ ಇಲ್ಲವಲ್ಲ, ನಿನ್ನದೇ ಮುಖವಲ್ಲವೇ ಇರುವುದು! ಹುಲ್ಕರ್ ಬೆರಳಿಟ್ಟು ಒತ್ತಿ ಹಿಡಿದಳು, ಹಳದಿ ಚೌಕ ಮಗಳ ಕೆನ್ನೆಯ ಮೇಲೆ ನಿಂತಿತು, ಬಾಗಿಲ ಕಡೆಯಿಂದ ಅಡ್ಡ ಬೆಳಕು, ಸ್ವಲ್ಪ ಇಳಿಸಿದಳು. ಬಣ್ಣದ ಪದರ ಕಂಡಿತು, ಗೋಡೆಗೆ ಬಳಿದ ಹಾಗೆ ದಪ್ಪಗೆ. ಇಷ್ಟು ಯಾಕೆ ಬಳಿದುಕೊಂಡಿದ್ದಾಳೆ ಈ ಸೆಖೆಯಲ್ಲಿ ಎಂದುಕೊಂಡಳು. ಕಿವಿಯ ಕೆಳಗೆ, ದವಡೆಯ ಮೂಳೆ ತಿರುಗುವ ಕಡೆ, ಬೆವರು ಪದರವನ್ನು ಒಂದಿಷ್ಟು ತೊಳೆದಿತ್ತು. ಅಲ್ಲಿ ಬೆಳ್ಳಗೆ ಏನೋ ಇತ್ತು. ಬೆಳಕು ಸುಟ್ಟದ್ದಿರಬೇಕೆಂದು ಸೂರ್ಯನನ್ನು ಇನ್ನೂ ಇಳಿಸಿದಳು. ಸುತ್ತಲಿನದೆಲ್ಲ ಕಪ್ಪಾಗುತ್ತ ಬಂತು, ಅದು ಕಪ್ಪಾಗಲಿಲ್ಲ. ಬೇಳೆಕಾಳಿನಷ್ಟು. ಬೆರಳು ಆಗಲೇ ಒತ್ತಿಬಿಟ್ಟಿತ್ತು.

“ತೋರ್ಸಿ ನೋಡೋಣ,” ಸಲೋಮತ್ ಕೈ ಚಾಚಿದ್ದಳು.

“ಅಲ್ಲಾಡಿಬಿಡ್ತು. ಚೆನ್ನಾಗಿ ಬಂದಿಲ್ಲ.”

“ಪರವಾಗಿಲ್ಲ, ಕೊಡಿ.”

ಫೋನನ್ನು ಎದೆಗೆ ಒತ್ತಿಕೊಂಡು ನಿಂತಳು. ಹೆಬ್ಬೆರಳು, ಅವಳನ್ನು ಕೇಳದೆ, ತೆರೆಯ ಮೇಲೆ ಆ ಸಣ್ಣ ಮುಖದ ಗುರುತನ್ನು ಹುಡುಕುತ್ತಿತ್ತು. ಬೆಳಗಿನಿಂದ ಉರಿದುಕೊಂಡು ಓಡಾಡಿದವಳು, ಗೇಟಿನಲ್ಲಿ ಬಿಸಿಲಿಗೆ ಮುಖವೊಡ್ಡಿ ನಿಂತವಳು, ಈಗ ನುಣುಪು, ಬಣ್ಣ, ಗಲ್ಲ, ಕಣ್ಣು ಎಂದು ಜಪಿಸುತ್ತಿದ್ದಾಳೆ. ಈ ಹೆಬ್ಬೆರಳನ್ನು ಕಡಿದು ಹಾಕಬೇಕು ಎನ್ನಿಸುವಷ್ಟು ಅಸಹ್ಯವಾಯಿತು. ಆದರೂ ಅದು ನಿಲ್ಲಲಿಲ್ಲ. ನಿಲ್ಲಿಸಿದ್ದು ಶಹ್ಲೊ. ಎದ್ದು ಬಂದು ತಾಯಿಯ ಕೈಯಿಂದ ಫೋನು ಬಿಡಿಸಿಕೊಂಡಳು, ಬಿಡಿಸಬೇಕಾಯಿತು, ಅಷ್ಟು ಗಟ್ಟಿ ಹಿಡಿದಿದ್ದಳು. ಫೋಟೊ ನೋಡಿದಳು. ಸಲೋಮತಳ ಕೈಗೆ ಕೊಟ್ಟಳು. ಆಮೇಲೆ ಕೊರಳ ವಸ್ತ್ರದ ತುದಿಯಿಂದ ದವಡೆಯನ್ನು, ಬಾಯಿಯ ತುದಿಯನ್ನು ಒರೆಸಿಕೊಂಡಳು.

“ಇಲ್ಲಿ. ಮತ್ತೆ ಇಲ್ಲಿ. ಚಳಿಗಾಲದಿಂದ ಇದೆ. ಅಸ್ರೋರ್‌ಗೂ ಹೇಳಿಲ್ಲ.”

“ತೌಬಾ,” ಎಂದು ಅದೊಲತ್, ಕೆಟ್ಟದ್ದು ತನಗೆ ತಟ್ಟದಿರಲೆಂದು, ತನ್ನ ಕೊರಳಪಟ್ಟಿಯ ಒಳಗೆ ಉಗಿದುಕೊಂಡಳು.

ಸಲೋಮತ್ ಫೋಟೊ ನೋಡಿದಳು, ಬೆರಳು ಜಾರಿ ಹಿಂದಿನ ಫೋಟೊ ಬಂತು, ಎಲ್ಲರೂ ಇರುವುದು. ಅದನ್ನೂ ಹುಬ್ಬು ಗಂಟಿಕ್ಕಿ ನೋಡಿದಳು. ಫೋನನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಎರಡು ಬೆರಳಲ್ಲಿ ಈಚೆ ಸರಿಸಿದಳು. ಸ್ವಲ್ಪ ಹೊತ್ತು ಜರ್ದಾಳು ಫಸಲಿನ ಮಾತಾಯಿತು. ಆಮೇಲೆ ರೊಟ್ಟಿ ಮುರಿಯದೆ ಎದ್ದರು. ಗೇಟಿನಲ್ಲಿ ಸಲೋಮತ್, “ಒಳ್ಳೇ ದಿನ ನೋಡ್ಕೊಂಡು ಬರ್ತೀವಿ,” ಎಂದಳು ಮುಕರ್ರಮಳಿಗೆ. ಎದುರುಮನೆಯ ಹೆಂಗಸು ಕಸಬರಿಕೆ ಹಿಡಿದು ಆಗಲೇ ಬೀದಿಗೆ ಬಂದಿದ್ದಳು.

“ಒಂದು ದಿನ!” ಕಾರು ತಿರುಗಿದ ಮೇಲೆ ಮುಕರ್ರಂ ಕೂಗಾಡಿದಳು. “ಒಂದೇ ಒಂದು ದಿನ ಸುಮ್ನಿರೋಕಾಗ್ಲಿಲ್ವಾ ನಿನಗೆ? ಅಷ್ಟೂ ಸರಿಮಾಡಿ ಇಟ್ಟಿದ್ದೆ! ಹುಡುಗಿ ಬಾಳು ಮಣ್ಣುಪಾಲು ಮಾಡ್ದೆ!”

“ನಿಮಗೆ ಗೊತ್ತಿತ್ತಾ? ಶಹ್ಲೊಗೆ ಆಗಿರೋದು?”

“ಗೊತ್ತಿಲ್ದೆ ಏನು? ಆ ಬಣ್ಣದ ಡಬ್ಬಿ ತಂದುಕೊಟ್ಟಿದ್ದೇ ನಾನು. ನಿನ್ನ ಹತ್ರ ಹೇಳೋಕೆ ಹೆದರ್ತಿತ್ತು ಮಗು.” ಮುಕರ್ರಂ ಅಳುತ್ತಿದ್ದಳು, ನಿಜವಾದ ಅಳು, ಕಾಡಿಗೆ ಕೆನ್ನೆಯ ಮೇಲೆ ಹರಿಯುತ್ತಿತ್ತು. ಹುಲ್ಕರಳಿಗೆ ಅವಳನ್ನು ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಮುಕರ್ರಂ ಚಪ್ಪಲಿ ಎಳೆದುಕೊಂಡು ಹೋದಳು.

ಶಹ್ಲೊ ಅಂಗಳದ ನಲ್ಲಿಯ ಕೆಳಗೆ ಬಾಗಿ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದಳು. ಕಂದು ಬಣ್ಣದ ನೀರು ಮೋರಿಗೆ ಹರಿಯುತ್ತಿತ್ತು. ಬಾಯಿಯ ತುದಿಯಲ್ಲಿ ಒಂದು, ದವಡೆಯ ಮೇಲೊಂದು, ಕತ್ತಿನ ಮೇಲೆ ಹತ್ತಿರ ಹತ್ತಿರ ಎರಡು. ಚಳಿಗಾಲದಿಂದ. ಆ ಚಳಿಗಾಲವೆಲ್ಲ ಇಬ್ಬರೂ ಒಂದೇ ಒಲೆಯ ಮುಂದೆ, ಒಂದೇ ತಟ್ಟೆಯಿಂದ ಉಂಡಿದ್ದರು. ಬಸ್ಸಿನಲ್ಲಿ ಯಾರು ಹೇಗೆ ನೋಡಿದರು, ಸಂತೆಯಲ್ಲಿ ಯಾರು ಕೈ ಹಿಂದೆಗೆದರು, ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಿಸಿದರು, ಎಲ್ಲವೂ ಹುಲ್ಕರಳಿಗೆ ದಿನಾಂಕ ಸಹಿತ ನೆನಪಿದೆ. ಎದುರಿಗೆ ಕೂತ ಮುಖದಲ್ಲಿ ಏನಾಗುತ್ತಿದೆ ಎಂದು ಕಂಡಿರಲಿಲ್ಲ. ಊರೆಲ್ಲ ತನ್ನ ಮುಖ ನೋಡುವುದನ್ನು ಕಾಯುತ್ತ ಕೂತವಳಿಗೆ ಇನ್ನೊಂದು ಮುಖ ನೋಡಲು ಪುರುಸೊತ್ತು ಎಲ್ಲಿತ್ತು? ಬೆಳಗಿನಿಂದ ಒಬ್ಬರಾದ ಮೇಲೊಬ್ಬರ ಮೇಲೆ ಹಾಯ್ದು ಬಂದ ಸಿಟ್ಟು ಈಗ ಮನೆಗೆ ತಿರುಗಿತು. ಹೊರಗೆ ಕಟ್ಟಿದ್ದ ನಾಯಿ ಹಗ್ಗ ಹರಿದುಕೊಂಡು ಒಡತಿಯನ್ನೇ ಹುಡುಕಿ ಬಂದ ಹಾಗೆ.

“ನನ್ನ ಹತ್ರ ಯಾಕೆ ಹೇಳ್ಲಿಲ್ಲ?”

ಶಹ್ಲೊ ನಲ್ಲಿ ನಿಲ್ಲಿಸಲಿಲ್ಲ. “ನೀನೇ ನೋಡ್ತೀಯ ಅಂದ್ಕೊಂಡಿದ್ದೆ.”

ಅಷ್ಟರಲ್ಲಿ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಶಹ್ಲೊ ಸೋಪಿನ ಕೈಯಲ್ಲೇ ಓಡಿ ಬಂದಳು, ಅಸ್ರೋರ್ ಇರಬೇಕೆಂದು. ಹೆಸರು ನೋಡಿ ನಿಂತಳು. ಅವನ ತಾಯಿ. ಒದ್ದೆ ಕೈಯನ್ನು ತೋರಿಸಿ, ನೀನೇ ತೆಗಿ ಎಂದು ಸನ್ನೆ ಮಾಡಿದಳು. ಎಷ್ಟು ಬೇಗ, ಎಷ್ಟು ಲಜ್ಜೆಯಿಲ್ಲದೆ ಹುಟ್ಟಿಬಿಡುತ್ತದೆ ಆಸೆ! ಹುಲ್ಕರ್ ಫೋನೆತ್ತಿ, ಇಬ್ಬರಿಗೂ ಕೇಳುವಂತೆ ಅದರ ಧ್ವನಿ ದೊಡ್ಡದು ಮಾಡಿದಳು.

“ಬೇಜಾರು ಮಾಡ್ಕೋಬೇಡಿ ತಾಯಿ,” ಸಲೋಮತಳ ಧ್ವನಿ ಕಾರಿನೊಳಗಿಂದ ಬರುತ್ತಿತ್ತು. “ಅಸ್ರೋರ್‌ಗೆ ಫೋನ್ ಮಾಡಿ ಹೇಳಿದ್ವಿ. ನೀವು ಹೇಗೆ ಹೇಳ್ತೀರೋ ಹಾಗೆ ಅಂದ. ಹುಡುಗಿ ಹಣೇಲಿ ಬೇರೆ ಯಾರೋ ಬರೆದಿರ್ತಾರೆ ಬಿಡಿ. ಆದ್ರೆ ನಾನು ಫೋನ್ ಮಾಡಿದ್ದು ಅದಕ್ಕಲ್ಲ.”

“ಮತ್ತೆ?”

“ಆ ಫೋಟೊ. ಎಲ್ಲರೂ ಕೂತಿರೋದು. ಅದನ್ನ ದಯವಿಟ್ಟು ಅಳಿಸಿಬಿಡಿ. ಅದರಲ್ಲಿ ನಾನು ಮುದುಕಿ ಥರ ಕಾಣ್ತೀನಿ, ಗದ್ದ ಎಲ್ಲಾ... ಯಾರಿಗಾದ್ರೂ ಕಳಿಸ್ಬಿಟ್ರೆ ನಾಚಿಕೆಗೇಡು. ಈಗ್ಲೇ ಅಳಿಸ್ತೀರಲ್ವಾ?”

ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು. ಶಹ್ಲೊಳ ಗದ್ದದಿಂದ ಹನಿಗಳು ಹಸಿರು ರೇಷ್ಮೆಯ ಮೇಲೆ ಬೀಳುತ್ತಿದ್ದವು. ಅವಳ ಮುಖದಲ್ಲಿ ಅಳು ಬಂದು, ಅದು ಅಳುವಾಗದೆ, ಬಾಯಿ ಒಂದು ಕಡೆ ಸೊಟ್ಟಗಾಗಿ ವಿಚಿತ್ರ ನಗುವಿನಂಥದ್ದೇನೋ ಆಗುತ್ತಿತ್ತು. ಹುಲ್ಕರ್ ಆ ಮುಖವನ್ನೇ ನೋಡುತ್ತ ಹೇಳಿದಳು:

“ಅಳಿಸಲ್ಲ.”

“ಏನಂದ್ರಿ?”

“ಅಳಿಸಲ್ಲ ಅಂದೆ. ಅದರಲ್ಲಿ ನನ್ನ ಮಗಳಿದಾಳೆ.”